ಡೇಂಟನ್ ಏರಿನಲ್ಲಿ ಬಿಗಿದ ಬ್ರೇಕ್

“ಸಲಿಕೆ ಹಿಡಿಯೋ ರೀತಿನಾ ಇದು? ಮದುವೆ ಮನೇಲಿ ಕೇಕ್ ಬಡಿಸ್ತಿದ್ದೀಯೇನೇ ಹೆಟ್ಟಿ?”

ರಾಯ್‌ಸ್ಟನ್ ಅಂಕಲ್ ನನ್ನ ಕೈಯಿಂದ ಸಲಿಕೆ ಕಿತ್ತುಕೊಂಡರು. ಕಾಲು ಅಗಲಿಸಿ ನಿಂತು, ಸೊಂಟ ತಿರುಗಿಸಿ, ಕರಿ ಬಣ್ಣ ಬಳಿದ ಮರದ ತುಂಡುಗಳನ್ನು ಒಲೆಯ ಬಾಯಿಗೆ ಬೀಸಿ ಎಸೆದರು. ಒಳಗೆ ಕಿತ್ತಳೆ ದೀಪಗಳು ಭಗ್ಗನೆ ಬೆಳಗಿದವು.

‘ಹೃದಯದ ಆಪರೇಷನ್ ಆದಮೇಲೆ ಟೀ ಕೆಟಲ್‌ಗಿಂತ ಭಾರದ್ದೇನನ್ನೂ ಎತ್ತಿಲ್ಲ, ಗುರುವಾರ ಬೌಲ್ಸ್ ಕ್ಲಬ್ಬಿನ ಬೆಂಚಿನ ಮೇಲೆ ಕೂತು ಬೇರೆಯವರ ಆಟ ನೋಡುತ್ತಿದ್ದೆ’ ಎಂದು ಪೊಲೀಸರಿಗೆ ಹೇಳಿಕೆ ಕೊಟ್ಟ ಮನುಷ್ಯ ಇವರೇ.

ಪತ್ತೇದಾರಿಕೆಯಲ್ಲಿ ಅರ್ಧ ಕೆಲಸ ಬಾಯಿ ಮುಚ್ಚಿಕೊಂಡಿರುವುದು. ನನ್ನಂಥ ಬಾಯಿಬಡುಕಿಗೆ ಅದೇ ಕಷ್ಟದ ಅರ್ಧ.

ಕಳೆದ ಗುರುವಾರ ಸಂಜೆ ಲಿಯೋನೆಲ್ ಹ್ಯಾನಫರ್ಡ್ ಎಂಬ ನಿವೃತ್ತ ಎಂಜಿನ್ ಡ್ರೈವರ್ ಇದೇ ಮೆಟ್ಟಿಲ ಬುಡದಲ್ಲಿ, ಇದೇ ಸಿಮೆಂಟ್ ನೆಲದ ಮೇಲೆ, ತಲೆಯ ಹಿಂಭಾಗ ಒಡೆದು ಬಿದ್ದಿದ್ದರು. ಇನ್ನೂ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಾರೆ. ತಳ್ಳಿದವನು ಮೊಮ್ಮಗ ಜೋರಿ ಎಂದು ಪೊಲೀಸರು ನಿನ್ನೆ ಅವನನ್ನು ಎಳೆದುಕೊಂಡು ಹೋಗಿದ್ದರು. ನಾಳೆ ಬೆಳಿಗ್ಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಾರೆ. ಅದಕ್ಕೆ ಮುಂಚೆ ಅವನನ್ನು ಬಿಡಿಸಿಕೊಡು ಎಂದು ನನ್ನನ್ನು ಹಿಡಿದುಕೊಂಡವಳು ಅವನ ತಾಯಿ, ಲಿಯೋನೆಲ್ ಅವರ ಮಗಳು, ರೋವೀನಾ. ನಾವಿಬ್ಬರೂ ಒಂದೇ ಶಾಲೆಯ ಬೆಂಚಿನವರು.

“ಬಲಗಡೆ ನಿಲ್ಲು. ಡ್ರೈವರ್ ಮಗಳಲ್ವಾ ನೀನು? ಬೆಂಕಿ ನನಗೆ ಬಿಡು,” ಎಂದರು ಅಂಕಲ್, ಲಿಯೋನೆಲ್ ಅವರ ಜೊತೆ ಒಂದೇ ಎಂಜಿನ್ನಿನಲ್ಲಿ ದುಡಿದವರು.

ನಿಂತೆ. ಹೊರಗಿನಿಂದ ಅದು ನ್ಯೂಟನ್ ಆಬಟ್‌ನ ಯಾವುದೇ ಬೀದಿಯಲ್ಲಿರುವಂಥ ಒಂದು ಗ್ಯಾರೇಜು. ಒಳಗೆ ಹೆಜ್ಜೆಯಿಟ್ಟರೆ ಹಬೆ ಎಂಜಿನ್ನಿನ ಕ್ಯಾಬು, ಡ್ರೈವರ್ ನಿಲ್ಲುವ ಕೋಣೆ, ನಿಜವಾದದ್ದರ ಅಳತೆಗೆ ಸರಿಯಾಗಿ. ಹೆಂಡತಿ ತೀರಿಕೊಂಡ ಮೇಲೆ ಲಿಯೋನೆಲ್ ಅದನ್ನು ಕಟ್ಟಲು ಶುರುಮಾಡಿದ್ದರು. ಬಾಯ್ಲರಿನ ಮುಖ ಹಳೆಯ ಎಣ್ಣೆ ಟ್ಯಾಂಕಿನ ತಗಡು. ಹಬೆ ಬಿಡುವ ಹಿಡಿ, ರೆಗ್ಯುಲೇಟರ್, ಗುಜರಿಯಲ್ಲಿ ಸಿಕ್ಕ ಅಸಲಿ. ನೆಲ ಅದುರುವುದು ಬಟ್ಟೆ ಒಗೆಯುವ ಯಂತ್ರದ ಮೋಟಾರಿನಿಂದ. ಬಿಸಿ ಎಣ್ಣೆಯ ವಾಸನೆ ಬರಲಿ ಎಂದು ಮೂಲೆಯಲ್ಲಿ ಸಾರ್ಡೀನ್ ಡಬ್ಬಿಯೊಂದರಲ್ಲಿ ಎಣ್ಣೆ ಕಾಯುತ್ತದೆ.

ಕ್ಯಾಬಿನ ಮುಂದೆ ಗೋಡೆಯಗಲದ ಪರದೆ. ಅದರಲ್ಲಿ ಹಳಿ ಓಡುತ್ತದೆ, ಗಿಡಮರ ಹಿಂದೆ ಸರಿಯುತ್ತದೆ, ಎಂಜಿನ್ನಿನ ಉಸಿರು ಕೇಳುತ್ತದೆ. ಅದೆಲ್ಲ ಜೋರಿಯ ಕಂಪ್ಯೂಟರ್ ಕೆಲಸ. ತಾತ ಕಬ್ಬಿಣ, ಮೊಮ್ಮಗ ತಂತಿ. ಇಬ್ಬರೂ ಸೇರಿ ಕಟ್ಟಿದ್ದು, ಸೇರಿಯೇ ಜಗಳವಾಡಿದ್ದು.

ಎಲ್ಲಕ್ಕೂ ಕರೆಂಟ್ ಕೊಡುವ ಬಾಗಿಲ ಬಳಿಯ ಕೆಂಪು ಸ್ವಿಚ್ಚನ್ನು ಅಂಕಲ್ ಆಗಲೇ ಹಾಕಿದ್ದರು. ನಾನು ರೆಗ್ಯುಲೇಟರ್ ಎಳೆದೆ. ನ್ಯೂಟನ್ ಆಬಟ್ ನಿಲ್ದಾಣ ಮೆಲ್ಲಗೆ ಹಿಂದೆ ಸರಿಯಿತು.

“ನಿಧಾನ, ನಿಧಾನ! ಹಾಲು ಕಾಯಿಸೋ ಹಾಗೆ. ನಿಮ್ಮಪ್ಪ ನಿನಗೆ ಏನೂ ಹೇಳಿಕೊಡಲಿಲ್ವಾ?”

“ಬಾಯಿ ಮುಚ್ಚಿಕೊಂಡು ಊಟ ಮಾಡು ಅಂತ ಹೇಳಿಕೊಟ್ಟಿದ್ರು.”

“ಅದನ್ನೂ ನೀನು ಕಲೀಲಿಲ್ಲ ಬಿಡು!”

ನಗು ಬಂತು. ಆದರೂ ನನ್ನ ಎಡಗೈ ಕೋಟಿನ ಜೇಬಿನ ಮೇಲೇ ಇತ್ತು. ಜೇಬಿನಲ್ಲಿ ಒಂದು ಫೋಟೋ. ನಾನು ರೈಲ್ವೆ ಪೊಲೀಸಿನಲ್ಲಿದ್ದ ಕಾಲದ ಸಲಿಗೆಗೆ ಇನ್‌ಸ್ಪೆಕ್ಟರ್ ಯೆಲಂಡ್ ಕೊಟ್ಟದ್ದು. ಲಿಯೋನೆಲ್ ಅವರನ್ನು ಆಂಬುಲೆನ್ಸಿಗೆ ಹಾಕಿದ ಕೂಡಲೇ, ಯಾರೂ ಏನನ್ನೂ ಮುಟ್ಟುವ ಮೊದಲು, ಪೊಲೀಸರು ಕ್ಯಾಬಿನೊಳಗೆ ತೆಗೆದ ಚಿತ್ರ ಅದು.

ಪೊಲೀಸರ ಕಣ್ಣಿಗೆ ಅದರಲ್ಲಿದ್ದದ್ದು ಒಂದಷ್ಟು ಹಿಡಿ, ಒಂದಷ್ಟು ಚಕ್ರ. ನಾನು ನೋಡಿದ್ದು ಬೇರೆ. ಎಂಜಿನ್ ಮುಂದೆ ಹೋಗಬೇಕೋ ಹಿಂದೆ ಹೋಗಬೇಕೋ ಎಂದು ತೀರ್ಮಾನಿಸುವ ರಿವರ್ಸರ್ ನಟ್ಟನಡುವೆ ನಿಂತಿತ್ತು. ಸಿಲಿಂಡರಿನ ನೀರು ಬಿಡುವ ಕಾಕುಗಳ ಹಿಡಿ ತೆರೆದ ಕಡೆಗಿತ್ತು. ಹ್ಯಾಂಡ್‌ಬ್ರೇಕಿನ ಚಕ್ರವನ್ನು ಬಿಗಿಯಾಗಿ ತಿರುಗಿಸಿಡಲಾಗಿತ್ತು.

ಎಂಜಿನ್ ಮಲಗಿಸುವುದು ಎಂದರೆ ಇದೇ. ಈ ಮೂರೂ ಆಗದೆ ಯಾರೂ ಎಂಜಿನ್ ಬಿಟ್ಟು ಕೆಳಗೆ ಇಳಿಯುವಂತಿಲ್ಲ. ಇಳಿದರೆ ಎಲ್ಲೋ ಸೋರಿದ ಹಬೆಗೆ ಅದು ತಾನಾಗಿಯೇ ಹೊರಟು ಯಾರನ್ನಾದರೂ ತುಳಿದುಹಾಕೀತು. ಈ ಅಭ್ಯಾಸ ಎಂಜಿನ್ನಿನಲ್ಲಿ ದುಡಿದವರಿಗೆ ಎಷ್ಟು ಹತ್ತಿರುತ್ತದೆ ಎಂದರೆ, ನಮ್ಮಪ್ಪ ನನ್ನ ತಮ್ಮನ ತಳ್ಳುಗಾಡಿಯನ್ನೂ ಬ್ರೇಕ್ ಹಾಕಿ, ಎರಡು ಸಲ ಅಲ್ಲಾಡಿಸಿ ನೋಡದೆ ಬಿಡುತ್ತಿರಲಿಲ್ಲ.

ಗ್ಯಾರೇಜಿನ ಈ ಎಂಜಿನ್ನಿಗೆ ಹಬೆಯೂ ಇಲ್ಲ, ಚಕ್ರವೂ ಇಲ್ಲ. ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ್ದಾರೆ. ಅದು ಓಡಿಹೋದೀತೆಂದು ಬ್ರೇಕ್ ಬಿಗಿಯುವ ಹುಚ್ಚು ಎಂಜಿನ್ನಿನವರಿಗೆ ಬಿಟ್ಟರೆ ಇನ್ಯಾರಿಗೂ ಇರಲಾರದು. ಜೋರಿಯಂತೂ ಆ ಬ್ರೇಕಿನ ಚಕ್ರಕ್ಕೆ ಜಾಕೆಟ್ ನೇತುಹಾಕಿ ತಾತನಿಂದ ಬೈಸಿಕೊಳ್ಳುತ್ತಿದ್ದ ಹುಡುಗ.

ಹಾಗಾದರೆ ಮಲಗಿಸಿದವರು ಯಾರು?

ರೋವೀನಾಳ ಹೇಳಿಕೆ ನನಗೆ ಬಾಯಿಪಾಠ. ಅವಳು ಗ್ಯಾರೇಜಿನ ಬಾಗಿಲು ತೆಗೆದಾಗ ಪರದೆಯಲ್ಲಿ ಎಂಜಿನ್ ಡೇಂಟನ್ ಗುಡ್ಡದ ಏರು ಹತ್ತುತ್ತಿತ್ತು, ಸದ್ದು ಕಿವಿ ಒಡೆಯುವಂತಿತ್ತು, ಅಪ್ಪ ಕೆಳಗೆ ಬಿದ್ದಿದ್ದರು. ಕೆಂಪು ಸ್ವಿಚ್ ಆರಿಸಿ ಅಡುಗೆಮನೆಗೆ ಓಡಿ ಫೋನ್ ಮಾಡಿದಳು. ಪಕ್ಕದ ಮನೆಯಾಕೆಯೂ ಅದನ್ನೇ ಹೇಳಿದ್ದಳು: ಜೋರಿ ಕೂಗಾಡಿ ಬಾಗಿಲು ಬಡಿದು ಹೋದ ಮೇಲೂ ಎಂಜಿನ್ನಿನ ಸದ್ದು ಕೇಳುತ್ತಿತ್ತು.

ಜೋರಿಯ ಪರವಾಗಿ ನಮ್ಮ ಕೈಯಲ್ಲಿದ್ದದ್ದು ಅದೊಂದೇ. ಅವನು ಹೋದ ಮೇಲೂ ತಾತ ಎಂಜಿನ್ ಓಡಿಸುತ್ತಿದ್ದರು. ಅಂದರೆ ಚೆನ್ನಾಗಿಯೇ ಇದ್ದರು. ಜೋರಿ ಮಾತ್ರ ಪೊಲೀಸರ ಮುಂದೆ ಕಲ್ಲಿನಂತೆ ಕೂತಿದ್ದ. ಹೌದು ಎನ್ನುವುದಿಲ್ಲ, ಇಲ್ಲ ಎನ್ನುವುದಿಲ್ಲ.

ನನ್ನ ಲೆಕ್ಕ ಹೀಗಿತ್ತು: ರೋವೀನಾ ಅಡುಗೆಮನೆಯಲ್ಲಿ ಫೋನ್ ಹಿಡಿದಿದ್ದಾಗ ಯಾರೋ ಇಲ್ಲಿದ್ದರು. ಮುದುಕರನ್ನು ಬೀಳಿಸಿ ಮರೆಯಲ್ಲಿ ನಿಂತವರು. ಓಡಿಹೋಗುವ ಮೊದಲು, ತಲೆ ಕೆಟ್ಟಿದ್ದರೂ ಕೈ ಕೆಡದೆ, ಎಂಜಿನ್ ಮಲಗಿಸಿ ಹೋದರು. ಅಂಥ ಕೈ ಈ ಊರಿನಲ್ಲಿ ಇನ್ನು ಉಳಿದಿರುವುದು ಒಂದೇ. ಅದು ಈಗ ನನ್ನ ಪಕ್ಕದಲ್ಲಿ ಸಲಿಕೆ ಬೀಸುತ್ತಿತ್ತು.

ರಾಯ್‌ಸ್ಟನ್ ವ್ಯಾನ್‌ಸ್ಟೋನ್ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಸಮುದ್ರ ತೋರಿಸಿದವರು. ಅವರೇ ಆಗಿರಬಾರದು ಎಂದು ಮನಸ್ಸು ಬೇಡುತ್ತಿತ್ತು. ಆದರೆ ಅವರಲ್ಲದಿದ್ದರೆ ಜೋರಿ.

“ಏರು ಬಂತು! ಹಬೆ ಬಿಡು, ಬಿಡು, ಹೆದರ್ಬೇಡ!” ಅಂಕಲ್ ಕಿರುಚಿದರು.

ನೆಲ ಗದಗದ ನಡುಗಿತು. ಅವರ ಹಣೆ ಬೆವತು ಹೊಳೆಯುತ್ತಿತ್ತು, ಮುಖದಲ್ಲಿ ಇಪ್ಪತ್ತರ ಹುಡುಗನ ಖುಷಿ. ಡೇಂಟನ್ ತುದಿ ದಾಟಿತು. ನಾನು ಹಬೆ ನಿಲ್ಲಿಸಿ, ಓಡುವಾಗಿನ ಬ್ರೇಕ್ ಹಾಕಿ, ಎಂಜಿನ್ ನಿಲ್ಲಿಸಿದೆ.

ಆಮೇಲೆ ಬೇಕೆಂದೇ, ಏನೂ ಗೊತ್ತಿಲ್ಲದವಳಂತೆ, ಎಲ್ಲವನ್ನೂ ಇದ್ದ ಹಾಗೇ ಬಿಟ್ಟು ಮೆಟ್ಟಿಲಿಳಿದೆ. ರಿವರ್ಸರ್ ಮುಂದಕ್ಕೆ, ಕಾಕು ಮುಚ್ಚಿ.

“ಬನ್ನಿ ಅಂಕಲ್. ರೋವೀನಾ ಟೀ ತರ್ತಾಳಂತೆ.”

ಬೆನ್ನ ಹಿಂದೆ ಕಿರ್ ಕಿರ್ ಎಂದು ಸ್ಕ್ರೂ ತಿರುಗುವ ಸದ್ದು. ಹ್ಯಾಂಡ್‌ಬ್ರೇಕ್! ಬಿದ್ದರು ಬಲೆಗೆ. ನಾನು ಉಸಿರು ಬಿಗಿಹಿಡಿದು ಇನ್ನೆರಡು ಸದ್ದಿಗೆ ಕಾದೆ.

ಅವು ಬರಲಿಲ್ಲ. ಬಂದದ್ದು ಬೈಗುಳ.

“ಏ ಹೆಟ್ಟಿ! ವಾಪಸ್ ಬಾ ಇಲ್ಲಿ!”

“ಯಾಕೆ ಅಂಕಲ್?”

“ಯಾಕಂತೆ, ಯಾಕೆ! ನಿಮ್ಮಪ್ಪ ನೋಡಿದ್ರೆ ಕೆನ್ನೆ ಊದಿಸಿರೋನು. ರಿವರ್ಸರ್ ಮುಂದಕ್ಕಿಟ್ಟು ಮಹಾರಾಣಿ ಥರ ಇಳ್ಕೊಂಡು ಹೋಗ್ತೀಯಲ್ಲ, ಕಾಕು ಯಾರು ತೆಗೀತಾರೆ? ನಿಮ್ಮಜ್ಜಿನಾ?”

“ನೀವೇ ತೆಗೀರಿ. ಅಲ್ಲೇ ಇದ್ದೀರಲ್ಲ.”

“ನಾನಾ?” ಅವರ ಮುಖ ನೋಡಬೇಕಿತ್ತು. ಚರ್ಚಿನಲ್ಲಿ ಪಾದ್ರಿಯ ನಿಲುವಂಗಿ ಹಾಕಿಕೋ ಎಂದಿದ್ದರೂ ಅಷ್ಟು ಗಾಬರಿಯಾಗುತ್ತಿರಲಿಲ್ಲ. “ಅದು ಡ್ರೈವರ್ ಕಡೆ ಕಣೇ.”

“ಆದ್ರೇನು? ಒಂದು ಮಾರು ದೂರ.”

“ಒಂದು ಮಾರೋ ಒಂದು ಮೈಲಿನೋ! ನಾನು ಫೈರ್‌ಮನ್, ಒಲೆಗೆ ಕಲ್ಲಿದ್ದಲು ಹಾಕೋನು. ಬೆಂಕಿ ನಂದು, ನೀರು ನಂದು, ಹ್ಯಾಂಡ್‌ಬ್ರೇಕ್ ನಂದು. ಆ ಕಡೆ ಎರಡು ಡ್ರೈವರ್‌ದು. ನನಗೆ ಡ್ರೈವರ್ ಆಗೋ ಸರದಿ ಬರೋ ಹೊತ್ತಿಗೆ ಹಬೆನೇ ಹೋಗಿತ್ತು. ಡೀಸೆಲ್ ಬಂದ ಮೇಲೂ ಲಿಯೋನೆಲ್ ಪಕ್ಕಾನೇ ನಿಂತೆ. ಒಂದೇ ಒಂದು ದಿನ ಆ ಕಡೆ ಕೈ ಹಾಕಿಲ್ಲ. ಹಾಕಿದ್ರೆ ಬೆರಳು ಮುರೀತಿದ್ದ. ಈಗ ಮುದುಕ ಆದ್ಮೇಲೆ ನಿನಗೋಸ್ಕರ ಹಾಕ್ಲಾ? ಹತ್ತು ಮೇಲೆ!”

ಹತ್ತಿದೆ. ರಿವರ್ಸರ್ ನಡುವಿಗೆ ತಂದೆ, ಕಾಕು ತೆರೆದೆ. ಕೈ ಕೆಲಸ ಮಾಡುತ್ತಿತ್ತು. ತಲೆಯೊಳಗೆ ನನ್ನ ಲೆಕ್ಕವೆಲ್ಲ ತಲೆಕೆಳಗಾಗುತ್ತಿತ್ತು. ಮೂರನ್ನೂ ಒಬ್ಬರೇ ಮಾಡಿದ್ದಾರೆ ಎಂದುಕೊಂಡಿದ್ದು ನನ್ನ ತಪ್ಪು. ಎಂಜಿನ್ ಮಲಗಿಸುವುದು ಇಬ್ಬರ ಕೆಲಸ.

ಫೋಟೋ ತೆಗೆದು ಕೈಗೆ ಕೊಟ್ಟೆ. ಅಂಕಲ್ ಕನ್ನಡಕ ಏರಿಸಿಕೊಂಡು ನೋಡಿದರು.

“ಏನಿದೆ ಇದ್ರಲ್ಲಿ? ನೀಟಾಗಿ ಮಲಗಿಸಿದ್ದಾರೆ. ನಿನಗಿಂತ ವಾಸಿ.”

“ಗುರುವಾರ ಸಂಜೆ ಪೊಲೀಸ್ ತೆಗೆದಿದ್ದು. ಹ್ಯಾಂಡ್‌ಬ್ರೇಕ್ ಯಾರು ಬಿಗಿದ್ರು ಅಂಕಲ್? ಬೌಲ್ಸ್ ಕ್ಲಬ್ ಬೆಂಚಿನ ಮೇಲೆ ಕೂತಿದ್ದೋರಾ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅಂಕಲ್ ತಮ್ಮ ಎರಡು ಅಂಗೈಗಳನ್ನು ನೋಡಿಕೊಂಡರು. ಆಮೇಲೆ ಫೈರ್‌ಮನ್ನಿನ ಮರದ ಸೀಟಿನ ಮೇಲೆ ಕುಸಿದು ಕೂತರು.

“ಬೆರಿಲ್‌ಗೆ ಹೇಳ್ಬೇಡ,” ಎಂದರು.

“ಏನು?”

“ಸಲಿಕೆ ಮುಟ್ಟಿದ್ರೆ ಮನೆಗೆ ಬರ್ಬೇಡ ಅಂದಿದ್ದಾಳೆ. ಅದಕ್ಕೇ ಗುರುವಾರ ಗುರುವಾರ ಕ್ಲಬ್ಬಿಗೆ ಹೋಗ್ತೀನಿ ಅಂತ ಹೇಳಿ ಇಲ್ಲಿಗೆ ಬರ್ತಿದ್ದೆ. ಪೊಲೀಸ್ ಬಂದು ಕೇಳಿದಾಗ ಪಕ್ಕದಲ್ಲೇ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ಲು. ಬೀಸೋ ದೊಣ್ಣೆ ತಪ್ಪಿದ್ರೆ ಸಾಕು ಅಂತ ಬಾಯಿಗೆ ಬಂದಿದ್ದು ಹೇಳಿಬಿಟ್ಟೆ.”

“ಅಂಕಲ್! ಒಬ್ಬ ಹುಡುಗನ ಬದುಕು ಹೋಗ್ತಾ ಇದೆ. ನಿಮಗೆ ಬೆರಿಲ್ ಆಂಟಿ ಚಿಂತೆ!”

“ನೀನು ಬೆರಿಲ್ ಜೊತೆ ಸಂಸಾರ ಮಾಡಿಲ್ಲ.”

ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅಂದು ಸಿಟ್ಟು ನೆತ್ತಿಗೇರಿತು.

“ನಡೆದಿದ್ದು ಹೇಳಿ. ಒಂದೂ ಬಿಡದೆ.”

“ನಡೆಯೋದೇನು? ಯಾವಾಗಿನ ಹಾಗೆ ಡೇಂಟನ್ ಹತ್ತಿಸಿದ್ವಿ. ತುದೀಲಿ ನಿಲ್ಲಿಸಿದ. ಅವನು ರಿವರ್ಸರ್ ನಡುವಿಗೆ ತಂದ, ಕಾಕು ತೆಗೆದ. ನಾನು ಬ್ರೇಕ್ ಬಿಗಿದೆ. ಜೋರಿ ಇನ್ನೂ ಬಂದಿರಲಿಲ್ಲ. ಬಸ್ಸಿಗೆ ಹೊತ್ತಾಯ್ತು ಅಂತ ಹೊರಟೆ. ಹೋಗ್ತಾ ಕೆಂಪು ಸ್ವಿಚ್ ನಾನೇ ಆರಿಸಿದೆ. ಅವನು ಮೇಲೇ ಕೂತ್ಕೊಂಡು ಹಿತ್ತಾಳೆ ಒರೆಸ್ತಿದ್ದ. ‘ಮುಂದಿನ ವಾರ ಒಂದು ಸಲಿಕೆ ಕಮ್ಮಿ ಹಾಕು, ಹೊಗೆ ಜಾಸ್ತಿ ಬರ್ತಿದೆ’ ಅಂದ. ದೀಪದ ಒಲೇಲಿ ಹೊಗೆ ಎಲ್ಲಿಂದ ಬರ್ಬೇಕು, ನನ್ನ ತಲೆ! ‘ಹೋಗಯ್ಯಾ’ ಅಂದೆ. ಅಷ್ಟೇ. ನಾನು ಅವನಿಗೆ ಕೊನೆಗೆ ಹೇಳಿದ್ದು ಅದೇ, ಹೋಗಯ್ಯಾ ಅಂತ.”

ಹೇಳುತ್ತ ಹೇಳುತ್ತ ಅತ್ತುಬಿಟ್ಟರು. ಮೂಗು ಒರೆಸಿಕೊಳ್ಳಲು ಎಣ್ಣೆ ಬಟ್ಟೆಯನ್ನೇ ತೆಗೆದುಕೊಂಡರು. ನಾನು ಅದನ್ನು ಕಿತ್ತುಕೊಂಡು ನನ್ನ ಕರವಸ್ತ್ರ ಕೊಟ್ಟೆ. ಅವರನ್ನು ನಂಬಿದೆ. ನಂಬಲು ಕಾರಣವೂ ಇತ್ತು: ಅವರು ಆಮೇಲೆ ಕದ್ದು ಬಂದವರಾಗಿದ್ದರೆ ಫೋಟೋದಲ್ಲಿ ಬ್ರೇಕ್ ಮಾತ್ರ ಬಿಗಿದಿರಬೇಕಿತ್ತು, ಡ್ರೈವರ್ ಕಡೆಯದೆಲ್ಲ ಹಾಗೇ ಇರಬೇಕಿತ್ತು. ನಡುವಿಗೆ ಬಂದ ಆ ರಿವರ್ಸರ್ ಲಿಯೋನೆಲ್ ಅವರದೇ ಕೈಕೆಲಸ. ಇಬ್ಬರೂ ನೆಮ್ಮದಿಯಾಗಿ ಕೆಲಸ ಮುಗಿಸಿದ್ದರು.

ಇಷ್ಟಾದ ಮೇಲೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಏನೋ ಒಂದು ಕಡೆ ಚುಚ್ಚುತ್ತಿತ್ತು.

“ಆದ್ರೆ ರೋವೀನಾ ಬಂದಾಗ ಪರದೆ ಓಡ್ತಾ ಇತ್ತಲ್ಲ ಅಂಕಲ್. ಡೇಂಟನ್ ಹತ್ತುತ್ತಾ ಇತ್ತು.”

“ಹೇಗೆ ಓಡುತ್ತೆ?”

“ಲಿಯೋನೆಲ್ ಅಂಕಲ್ ಮತ್ತೆ ಒಬ್ಬರೇ ಓಡಿಸಿರಬಹುದು.”

“ನಿನ್ನ ಫೋಟೋ ನೀನೇ ನೋಡು. ಬ್ರೇಕ್ ಬಿಗಿದು, ರಿವರ್ಸರ್ ನಡುವೆ ಇಟ್ಟು, ಡೇಂಟನ್ ಹತ್ತೋದಾ? ಸುಮ್ನಿರು ಮಗಳೇ, ಕುದುರೆ ಕೇಳಿದ್ರೂ ನಗುತ್ತೆ.”

ಸುಮ್ಮನಿರಲಿಲ್ಲ. ಎಂಜಿನ್ ಮಲಗಿದ ಸ್ಥಿತಿಯಲ್ಲೇ ಇತ್ತು. ರೆಗ್ಯುಲೇಟರನ್ನು ಪೂರ್ತಿ ಎಳೆದೆ. ಪರದೆಯಲ್ಲಿ ಒಂದು ಹುಲ್ಲುಕಡ್ಡಿಯೂ ಅಲ್ಲಾಡಲಿಲ್ಲ. ಪ್ರತಿ ಹಿಡಿಗೂ ಜೋರಿ ತಂತಿ ಎಳೆದಿದ್ದಾನೆ. ಹಿಡಿ ಸರಿಯಿಲ್ಲದಿದ್ದರೆ ಹಳಿ ಓಡುವುದಿಲ್ಲ.

“ನೋಡಿದ್ಯಾ?” ಎಂದು ಅಂಕಲ್ ನಕ್ಕರು. ನಗುತ್ತಿದ್ದವರು ತಟ್ಟನೆ ನಿಲ್ಲಿಸಿದರು.

“ಏನಾಯ್ತು?”

“ಏನಿಲ್ಲ.”

“ಅಂಕಲ್, ಬೆರಿಲ್ ಆಂಟಿಗೆ ಈಗಲೇ ಫೋನ್ ಮಾಡ್ತೀನಿ ನೋಡಿ.”

“ಒಂದು ದಾರಿ ಇದೆ,” ಎಂದರು, ನೆಲ ನೋಡುತ್ತ. “ಶಾಲೆ ಮಕ್ಕಳನ್ನ ಕರ್ಸಿ ತೋರಿಸ್ಬೇಕು ಅಂತ ಜೋರಿಗೆ ಆಸೆ. ಮಕ್ಕಳಿಗೆ ಓಡಿಸೋಕೆ ಎಲ್ಲಿ ಬರುತ್ತೆ? ಅದಕ್ಕೆ ಹಿಡಿ ಹೇಗಿದ್ರೂ ಪರದೆ ತಾನಾಗೇ ಓಡೋ ಹಾಗೆ ಒಂದು ಮಾಡಿಟ್ಟ. ಆ ಕಂಪ್ಯೂಟರ್ ಮೇಜಿಂದ. ಲಿಯೋನೆಲ್‌ಗೆ ಮೈಯೆಲ್ಲ ಉರಿ. ‘ಅದು ಸಿನಿಮಾ, ಎಂಜಿನ್ ಅಲ್ಲ, ನನ್ನ ಗ್ಯಾರೇಜಲ್ಲಿ ಬೇಡ’ ಅಂತ ಹಾರಾಡಿದ. ಜಗಳ ಶುರುವಾಗಿದ್ದೇ ಅಲ್ಲಿಂದ.”

“ಅದನ್ನ ಹಾಕೋದು ಯಾರಿಗೆ ಗೊತ್ತು?”

“ಜೋರಿಗೆ.”

“ಮತ್ಯಾರಿಗೆ?”

ಅಂಕಲ್ ನನ್ನ ಮುಖ ನೋಡಲಿಲ್ಲ. “ಲಿಯೋನೆಲ್ ಆ ಮೇಜು ಮುಟ್ಟೋನಲ್ಲ. ನನಗೆ ಟಿವಿ ಹಾಕೋಕೇ ಬೆರಿಲ್ ಬೇಕು. ಜೋರಿಗೆ ಕಣೇ. ಜೋರಿಗೆ ಮಾತ್ರ.”

ನಾನು ಅವರ ಕೈಯಿಂದ ಫೋಟೋ ವಾಪಸ್ ತೆಗೆದುಕೊಂಡೆ.

ಎಂಜಿನ್ ಮಲಗಿತ್ತು, ಕೆಂಪು ಸ್ವಿಚ್ ಆರಿತ್ತು. ಆದರೂ ಪಕ್ಕದ ಮನೆಯಾಕೆ ಸದ್ದು ಕೇಳಿದ್ದಳು, ರೋವೀನಾ ಪರದೆ ನೋಡಿದ್ದಳು. ಅಂದರೆ ಮುದುಕರು ಬಿದ್ದ ಮೇಲೆ ಯಾರೋ ಅದನ್ನು ಹಚ್ಚಿಟ್ಟು ಹೋಗಿದ್ದಾರೆ. ತಾನು ಹೋದ ಮೇಲೂ ತಾತ ಓಡಿಸುತ್ತಿದ್ದರು ಎಂದು ಊರು ನಂಬಲಿ ಎಂದು. ಜೋರಿಯನ್ನು ಉಳಿಸುತ್ತದೆ ಎಂದು ನಾವು ಎದೆಗವಚಿಕೊಂಡಿದ್ದ ಆ ಒಂದೇ ಒಂದು ಸಾಕ್ಷಿ ಅವನ ಕೊರಳಿಗೇ ಬಿದ್ದಿತ್ತು. ಬಿಗಿದವಳು ನಾನು, ಬಿಚ್ಚಲು ಬಂದವಳು.

ಬಾಗಿಲ ಬಳಿ ಪಿಂಗಾಣಿಯ ಸದ್ದಾಯಿತು.

ರೋವೀನಾ ನಿಂತಿದ್ದಳು. ಕೈಯಲ್ಲಿ ಟ್ರೇ, ಮೂರು ಮಗ್ ಟೀ, ತಟ್ಟೆಯಲ್ಲಿ ಸ್ಕೋನ್ ಬನ್ನು, ಮೇಲೆ ಕೆನೆ. ಟೀಯಿಂದ ಹಬೆ ಬರುತ್ತಿರಲಿಲ್ಲ. ಬಹಳ ಹೊತ್ತಿನಿಂದ ಅಲ್ಲೇ ಇದ್ದಳು.

“ಗುರುವಾರ ನೀವು ಇಲ್ಲಿದ್ರಾ ಅಂಕಲ್?” ಎಂದಳು.

“ಇದ್ದೆ ಮಗಳೇ. ನಾಳೆ ಯೆಲಂಡ್ ಹತ್ರ ಹೋಗಿ ಹೇಳ್ತೀನಿ. ಬೆರಿಲ್ ಏನಾದ್ರೂ ಮಾಡ್ಕೊಳ್ಳಲಿ.”

“ಹೇಳಿದ್ರೆ ಏನಾಗುತ್ತೆ ಹೆಟ್ಟಿ?”

ಸುಳ್ಳು ಹೇಳಬಹುದಿತ್ತು. ಮೂವತ್ತು ವರ್ಷದ ಗೆಳತಿಗೆ ಹೇಗೆ ಹೇಳಲಿ?

“ನೀನು ನೋಡಿದ ಪರದೆನ ನಿಮ್ಮಪ್ಪ ಓಡಿಸ್ತಿರಲಿಲ್ಲ ಅಂತಾಗುತ್ತೆ. ಅದನ್ನ ತಾನಾಗಿ ಓಡೋ ಹಾಗೆ ಬಿಟ್ಟೋರು ಯಾರೋ, ಅವರೇ ತಳ್ಳಿದ್ದು ಅಂತಾಗುತ್ತೆ.”

“ನನ್ನ ಕಣ್ಣಿಗೆ ಏನೂ ಕಾಣ್ಲಿಲ್ಲ, ಗಾಬರೀಲಿ ತಪ್ಪು ಹೇಳ್ದೆ ಅಂದ್ರೆ?”

“ಪಕ್ಕದ ಮನೆಯಾಕೆ ಕೇಳಿಸ್ಕೊಂಡಿದ್ದಾಳಲ್ಲೇ. ಅದನ್ನ ನೀನೇ ಅಲ್ವಾ ಯೆಲಂಡ್‌ಗೆ ಒತ್ತಿ ಒತ್ತಿ ಹೇಳಿದ್ದು, ‘ಜೋರಿ ಹೋದ ಮೇಲೂ ಸದ್ದಿತ್ತು’ ಅಂತ?”

ರೋವೀನಾ ತಲೆಯಾಡಿಸಿದಳು. ಟ್ರೇ ಮಾತ್ರ ಅಲ್ಲಾಡಲಿಲ್ಲ.

“ಸರಿ ಹಾಗಾದ್ರೆ,” ಎಂದಳು. “ಅದನ್ನ ಹಾಕಿದ್ದು ನಾನು.”

ಅಂಕಲ್ ಸೀಟಿನಿಂದ ಎದ್ದು ನಿಂತರು.

“ಜೋರಿ ಹೋದ ಮೇಲೆ ನಾನು ಬಂದೆ. ಹುಡುಗನ ಮೇಲೆ ಯಾಕೆ ಕೂಗಾಡ್ತೀಯಾ ಅಂತ ಕೇಳ್ದೆ. ಮಾತಿಗೆ ಮಾತು ಬೆಳೀತು. ಅಪ್ಪ ಮೆಟ್ಟಿಲ ಮೇಲಿದ್ರು. ತಳ್ಳಿದೆ. ಆಮೇಲೆ ಹೆದರಿಕೆಯಾಗಿ, ಓಡಿಸ್ತಾ ತಾವೇ ಬಿದ್ದ ಹಾಗೆ ಕಾಣ್ಲಿ ಅಂತ ಇದನ್ನ ಓಡಿಸಿದೆ. ಬರ್ಕೋ.”

ನನಗೆ ಮೈ ಹತ್ತಿ ಉರಿಯಿತು. ಕನಿಕರ, ಸಿಟ್ಟು, ಎರಡೂ ಒಟ್ಟಿಗೆ.

“ಬರ್ಕೊಳ್ತೀನಿ, ಬಾ! ಮಗನ್ನ ಉಳಿಸೋಕೆ ತಾಯಿ ತಾನೇ ತಪ್ಪು ಒಪ್ಕೊಳ್ಳೋದು ನಾನು ಇವತ್ತೇ ಮೊದಲು ನೋಡ್ತಾ ಇಲ್ಲ ರೋವೀನಾ. ಪೊಲೀಸ್ ಕೆಲಸದಲ್ಲಿ ಅದನ್ನೇ ತಿಂದು ಉಂಡು ಬಂದವಳು ನಾನು. ಮೊಬೈಲಲ್ಲಿ ಒಂದು ಫೋಟೋ ಕಳಿಸೋಕೆ ನೀನು ನನ್ನ ಕೇಳ್ತೀಯ. ಈ ಕಂಪ್ಯೂಟರ್ ನಿನಗೆಲ್ಲಿಂದ ಬರುತ್ತೆ?”

“ಬರುತ್ತೆ.”

“ಬರುತ್ತಾ? ಹಾಗಾದ್ರೆ ಹಾಕು. ಈಗ, ನನ್ನ ಕಣ್ಣ ಮುಂದೆ. ಬ್ರೇಕ್ ಬಿಗಿದಿದೆ, ರಿವರ್ಸರ್ ನಡುವೆ ಇದೆ. ಡೇಂಟನ್ ಹತ್ತಿಸಿ ತೋರ್ಸು.”

ಅವಳು ಅತ್ತು ಕುಸಿಯುತ್ತಾಳೆ ಎಂದುಕೊಂಡಿದ್ದೆ. ಕುಸಿದರೆ ಹಿಡಿದುಕೊಳ್ಳಲು ಮೆಟ್ಟಿಲನ್ನೂ ಇಳಿದಿದ್ದೆ.

ರೋವೀನಾ ಟ್ರೇಯನ್ನು ಜೋಪಾನವಾಗಿ ಕೆಳಗಿನ ಮೆಟ್ಟಿಲ ಮೇಲಿಟ್ಟಳು. ಅವಳಪ್ಪನ ತಲೆ ಬಡಿದಿದ್ದ ಜಾಗದ ಪಕ್ಕದಲ್ಲೇ. ಏಪ್ರನ್ನಿಗೆ ಕೈ ಒರೆಸಿಕೊಂಡಳು. ನೇರವಾಗಿ ಮೂಲೆಯ ಮೇಜಿಗೆ ಹೋದಳು, ಕುರ್ಚಿಯಲ್ಲಿ ಕೂರಲೂ ಇಲ್ಲ. ಹುಡುಕಲಿಲ್ಲ, ತಡವರಿಸಲಿಲ್ಲ. ಅವಳ ಬೆರಳುಗಳು ತರಕಾರಿ ಹೆಚ್ಚುವಷ್ಟು ಸಲೀಸಾಗಿ ಓಡಾಡಿದವು.

ಗ್ಯಾರೇಜಿನ ನೆಲ ನಡುಗಿತು. ಪರದೆಯಲ್ಲಿ ಹಳಿ ಓಡತೊಡಗಿತು. ಎಂಜಿನ್ ಏದುಸಿರು ಬಿಡುತ್ತ ಡೇಂಟನ್ ಏರು ಹತ್ತತೊಡಗಿತು. ಕ್ಯಾಬಿನಲ್ಲಿ ರಾಯ್‌ಸ್ಟನ್ ಅಂಕಲ್ ತಾವೇ ಬಿಗಿದ ಬ್ರೇಕಿನ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು.

ಜೋರಿ ಪೊಲೀಸರ ಮುಂದೆ ಯಾಕೆ ಬಾಯಿ ಬಿಡುತ್ತಿಲ್ಲ ಎಂದು ನಿನ್ನೆಯಿಂದ ತಲೆ ಕೆಡಿಸಿಕೊಂಡಿದ್ದೆ. ಅವನು ಯಾರನ್ನೋ ಕಾಪಾಡುತ್ತಿರಬಹುದು ಎಂದು ನನಗೆ ಆ ಕ್ಷಣದವರೆಗೂ ಹೊಳೆದಿರಲಿಲ್ಲ. ಇಲ್ಲವೇ, ತಳ್ಳಿದವನು ಅವನೇ ಆಗಿ, ಈ ಕಂಪ್ಯೂಟರ್ ಕೆಲಸವನ್ನು ತಾಯಿಗೆ ಕಲಿಸಿಕೊಟ್ಟಿದ್ದನೋ? ಯಾವಾಗ? ಯಾತಕ್ಕೆ?

ರೋವೀನಾ ನನ್ನ ಕಡೆ ತಿರುಗಿದಳು. ಸದ್ದಿಗೆ ಅವಳ ಮಾತು ಕೇಳಿಸಲಿಲ್ಲ. ಹತ್ತಿರ ಬಂದು ಕಿವಿಯ ಬಳಿ ಹೇಳಿದಳು.

“ಸಾಕಾ ಹೆಟ್ಟಿ? ಈಗ ಫೋನ್ ಮಾಡಿ ನನ್ನ ಮಗನ್ನ ಬಿಡೋಕೆ ಹೇಳು.”